ಅಧ್ಯಕ್ಷರು ಇಬ್ಬರು, ದುಡ್ಡಿನ ದಾರಿ ಒಂದೇ

ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳ ಎಳೆಯ ಮಕ್ಕಳ ನೀತಿ ನೋಡಿಕೊಳ್ಳುವ ಸಮಿತಿಗೆ ಇಬ್ಬರು ಅಧ್ಯಕ್ಷರು. ಒಂದು ಕಡೆ ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆ, ಇನ್ನೊಂದು ಕಡೆ ಸ್ನೇಕ್ ಎಂಬ ಮೂಲನಿವಾಸಿ ಸಂಸ್ಥೆ. ಮೂಲನಿವಾಸಿಗಳಿಗೂ ಉಳಿದವರಿಗೂ ನಡುವಿನ ಅಂತರ ತಗ್ಗಿಸಲು ಆದ 2020ರ ‘ಕ್ಲೋಸಿಂಗ್ ದಿ ಗ್ಯಾಪ್’ ಒಪ್ಪಂದದಡಿ 2022ರಲ್ಲಿ ಬಂದ ಏರ್ಪಾಡು ಇದು. ಕರಡು ಮುಗಿದ ಮೇಲೆ ಕರೆದು ಅಭಿಪ್ರಾಯ ಕೇಳುವ ಶಾಸ್ತ್ರವಲ್ಲ, ಯಾವ ವಿಷಯ ಚರ್ಚೆಗೆ ಬರಬೇಕೆಂಬುದನ್ನೇ ಇಬ್ಬರೂ ಕೂತು ತೀರ್ಮಾನಿಸಬೇಕು. ನಮ್ಮಲ್ಲಿ ಸೋಲಿಗರಿಗಾಗಲಿ ಜೇನುಕುರುಬರಿಗಾಗಲಿ ಅಂಥ ಕುರ್ಚಿ ಇಲ್ಲ. ಹಾಗೆಂದು ಆಸ್ಟ್ರೇಲಿಯಾದ್ದನ್ನು ಇಡಿಯಾಗಿ ಊರಿಗೆ ಒಯ್ಯಿರಿ ಎನ್ನಲು ಮನಸ್ಸು ಬಾರದು. ಕಾರಣ, ದುಡ್ಡು.

1987ರಿಂದ ಸಮುದಾಯದವರೇ ನಡೆಸುತ್ತಿದ್ದ ‘ಮ್ಯಾಕ್ಸ್’ ಶಿಶುಕೇಂದ್ರಗಳಿಗೆ ಮೊದಲು ಕೇಂದ್ರಕ್ಕೆ ಇಷ್ಟು ಎಂದು ಇಡಿಗಂಟು ಬರುತ್ತಿತ್ತು. ವ್ಯಾನು, ಅಡುಗೆ, ಭಾಷೆ ಕಲಿಸುವ ಅಜ್ಜಿ, ಎಲ್ಲ ಅದರಲ್ಲೇ. 2018ರ ಜುಲೈಯಿಂದ ಅದು ನಿಂತು, ಪೇಟೆಯ ಶಿಶುಕೇಂದ್ರಗಳಿಗಿದ್ದ ಗಂಟೆ ಲೆಕ್ಕದ ಸಬ್ಸಿಡಿಯೇ ಇವಕ್ಕೂ ಬಂತು. ಗಂಟೆಗೂ ಹೆತ್ತವರ ದುಡಿಮೆಗೂ ಗಂಟು: ಎರಡು ವಾರದಲ್ಲಿ 48 ಗಂಟೆ ಮೀರಿ ಕೆಲಸವೋ ಓದೋ ಇದ್ದರೆ ಮಗುವಿಗೆ 100 ಗಂಟೆ, 8ಕ್ಕಿಂತ ಕಡಿಮೆಯಿದ್ದರೆ ಬಡವರಿಗೂ 24. ಅಪ್ಪ ಅಮ್ಮ ಇಬ್ಬರಿದ್ದರೆ ಯಾರದು ಕಡಿಮೆಯೋ ಅವರದೇ ಲೆಕ್ಕ. ಕೇಂದ್ರಗಳು ದಿನಕ್ಕೆ 10–12 ಗಂಟೆ ಬಿಲ್ ಮಾಡುವುದರಿಂದ ಎರಡು ವಾರಕ್ಕೆ 24 ಗಂಟೆ ಎಂದರೆ ವಾರಕ್ಕೆ ಒಂದೇ ದಿನ. ಕೆಲಸವಿಲ್ಲದ ಮನೆಯ ಮಗುವಿಗೇ ಶಿಶುಕೇಂದ್ರ ಹೆಚ್ಚು ಬೇಕಾಗಿದ್ದದ್ದು! 2023ರ ಜುಲೈಯಲ್ಲಿ ಮೂಲನಿವಾಸಿ ಮಕ್ಕಳಿಗೆ ಇದು ಕನಿಷ್ಠ 36 ಆಯಿತು, 2026ರ ಜನವರಿಯಲ್ಲಿ 100. ಸರಿಪಡಿಸಲು ಏಳೂವರೆ ವರ್ಷ ಹಿಡಿಯಿತು. ಆ ಅಜ್ಜಿಯ ಸಂಬಳ ಮಾತ್ರ ಇಂದಿಗೂ ಯಾವ ಗಂಟೆಯ ಬಿಲ್ಲಿಗೂ ಹೊಂದುವುದಿಲ್ಲ.

ಆ ಒಪ್ಪಂದದಲ್ಲಿರುವ, ಶಾಲೆಗೆ ಮುಂಚಿನ ವರ್ಷದ ದಾಖಲಾತಿ ಗುರಿ ಚೆನ್ನಾಗಿಯೇ ಸಾಗಿದೆ. ಆದರೆ ಶಾಲೆಗೆ ಬಂದ ವರ್ಷ ಟೀಚರು ತುಂಬುವ ಐದು ಅಂಶಗಳ ಬೆಳವಣಿಗೆ ಪಟ್ಟಿಯಲ್ಲಿ ಐದರಲ್ಲೂ ಸರಿಯಿರುವ ಮೂಲನಿವಾಸಿ ಮಕ್ಕಳು 2018ರಲ್ಲಿ ಶೇ. 35.2, 2021ರಲ್ಲಿ 34.3, 2024ರಲ್ಲಿ 33.9. 2031ರ ಗುರಿ 55. ಹೆಸರು ಬರೆಸಿದ್ದನ್ನೇ ಸಾಧನೆಯೆಂದು ತೋರಿಸುವ ಚಾಳಿ ನಮಗೂ ಹೊಸದಲ್ಲ ಬಿಡಿ.

ದುಡಿಮೆಯ ಗಂಟೆ ಎಣಿಸದ ವಿಷಯದಲ್ಲಿ ನಮ್ಮ ಅಂಗನವಾಡಿ ಮೇಲು. 1975ರಲ್ಲಿ ದೇಶದ 33 ಕಡೆ ಶುರುವಾದಾಗ ನಮ್ಮ ತಿ. ನರಸೀಪುರವೂ ಅದರಲ್ಲಿತ್ತು, ಅಂದಿನಿಂದ ಇಂದಿನವರೆಗೆ ಅಪ್ಪ ಎಷ್ಟು ಗಂಟೆ ದುಡಿದ ಎಂದು ಯಾರೂ ಕೇಳಿಲ್ಲ. ಎಡವುವುದು ಬೇರೆ ಕಡೆ. ಮನೆಯಲ್ಲಿ ಜೇನುಕುರುಬರ ಭಾಷೆಯಾದ ಜೇನುನುಡಿ ಆಡುವ ಮಗು ಅಂಗನವಾಡಿಯಲ್ಲಿ ಕನ್ನಡದ ಶಿಶುಗೀತೆಗೆ ಬಾಯಿ ಕಟ್ಟಿ ಕೂರುತ್ತದೆ. ಕಾಫಿ ಕೊಯ್ಲಿಗೆ ತಾಯಿ ತೋಟದ ಕೂಲಿಗಳ ಲೈನ್‌ಮನೆಗೆ ಹೊರಟರೆ ಮಗುವೂ ಸೊಂಟದ ಮೇಲೆ ಹೊರಡುತ್ತದೆ, ಆದಿವಾಸಿ ಕೇರಿಯಾದ ಹಾಡಿಯ ಹಾಜರಿ ಪುಸ್ತಕದಲ್ಲಿ ಉಳಿಯುವುದು ಗೈರು ಎಂಬ ಗುರುತು. ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕರೆಯುವ ಸಭೆಯಲ್ಲಿ ಹಾಡಿಯ ಹೆಂಗಸೊಬ್ಬಳಿಗೆ ಎರಡನೇ ಅಧ್ಯಕ್ಷ ಸ್ಥಾನ ಕೊಟ್ಟು ನೋಡಲಿ. ಕೊಯ್ಲಿನ ತಿಂಗಳುಗಳಲ್ಲಿ ಮೊಟ್ಟೆ ಹಾಡಿಗೆ ಹೋಗಬೇಕೋ ಲೈನ್‌ಮನೆಗೋ ಎಂಬುದು ಮೊದಲ ಸಭೆಯಲ್ಲೇ ಬರುತ್ತದೆ.