ತಲೆ ಎತ್ತಿದ್ರಿ!

ಇವತ್ತು ಬೆಳಿಗ್ಗೆ ಆರೂವರೆಗೆ ನಾನು ಹೊಡೆದ ಮೊದಲ ಚೆಂಡು ನೆಟ್ಟಗೆ ಕೆರೆಗೆ ಹೋಯಿತು. ಪುಳಕ್ ಅನ್ನೋ ಸದ್ದು ಇನ್ನೂ ಕಿವಿಯಲ್ಲಿತ್ತು, ಹಿಂದಿನಿಂದ ಮಾತು ಬಂತು.

"ತಲೆ ಎತ್ತಿದ್ರಿ."

ಗಾಲ್ಫಿನಲ್ಲಿ ಹೊಡೆಯುವಾಗ ಚೆಂಡು ಎಲ್ಲಿ ಹೋಯ್ತು ಅಂತ ಆತುರದಿಂದ ತಲೆ ಎತ್ತಿದರೆ ಹೊಡೆತ ಕೆಟ್ಟಿತು ಅಂತಲೇ ಲೆಕ್ಕ. ನೀವೂ ಗಾಲ್ಫ್ ಆಡುವವರಾದರೆ ನಿಮ್ಮ ಜೊತೆ ಆಡುವ ನಾಲ್ವರ ಗುಂಪಿನಲ್ಲೂ ಇದನ್ನು ಹೇಳುವವರೊಬ್ಬರು ಇದ್ದೇ ಇರ್ತಾರೆ. ನಮ್ಮಲ್ಲಿ ರಾಯರು. ಮಿಕ್ಕ ವಿಷಯದಲ್ಲಿ ಅವರಷ್ಟು ಸಭ್ಯರಿಲ್ಲ. ಯಾರಾದರೂ ಪಟ್ ಮಾಡುವಾಗ, ಅಂದರೆ ಚೆಂಡನ್ನು ಮೆಲ್ಲಗೆ ಕುಳಿಯತ್ತ ಉರುಳಿಸುವಾಗ, ತಮ್ಮ ನೆರಳು ಕೂಡ ಚೆಂಡು ಸಾಗೋ ಗೆರೆ ಮೇಲೆ ಬೀಳದ ಹಾಗೆ ನಿಲ್ತಾರೆ. ಬಂಕರ್ ಅನ್ನೋ ಗುಂಡಿಯ ಮರಳನ್ನು ರಂಗೋಲಿ ಹಾಕೋ ಅಂಗಳದ ಹಾಗೆ ಹಸನು ಮಾಡಿ ಬರ್ತಾರೆ. ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ ಇದೆ, ಅಷ್ಟೂ ವರ್ಷದ ಮರ್ಯಾದೆ ಇವರೊಬ್ಬರಲ್ಲೇ ಇಳಿದಿದೆ ಅನ್ನಬೇಕು. ಬಾಯಿ ತೆರೆಯೋವರೆಗೆ.

ತಲೆ ಎತ್ತಿ ಬಾಳು ಅಂತ ಅಪ್ಪ ಕೊನೆವರೆಗೂ ಹೇಳಿದರು. ಆಫೀಸಿನಲ್ಲಿ ಮೂವತ್ತು ವರ್ಷ ಸಾಹೇಬರ ಮುಂದೆ ತಲೆ ತಗ್ಗಿಸಿದ್ದಾಯಿತು. ಈಗ ರಿಟೈರಾಗಿ, ಕೈಯಿಂದ ದುಡ್ಡು ಕೊಟ್ಟು ಹುಲ್ಲಿನ ಮೇಲೆ ನಿಂತರೂ ತಲೆ ಎತ್ತೋ ಹಾಗಿಲ್ಲ!

ಹೊಡೆತಗಳನ್ನು ಎಣಿಸುವ ಸ್ಪರ್ಧೆಯಲ್ಲಿ ಜೊತೆ ಆಡುವವರಿಗೆ ಸಲಹೆ ಕೊಟ್ಟರೆ ಎರಡು ಸ್ಟ್ರೋಕ್, ಅಂದರೆ ಎರಡು ಹೊಡೆತ, ದಂಡ ಇದೆ. ಒಮ್ಮೆ ಅದನ್ನೂ ಹೇಳಿ ನೋಡಿದೆ. "ಹೊಡೆಯೋಕೆ ಮುಂಚೆ ಹೇಳಿದ್ರೆ ಸಲಹೆ. ಹೊಡೆದ ಮೇಲೆ ಹೇಳೋದು ವರದಿ" ಅಂದರು. ರಾಯರು ಬ್ಯಾಂಕಿನಲ್ಲಿ ಆಡಿಟ್ ಮಾಡುತ್ತಿದ್ದವರು.

ಹೋದ ಭಾನುವಾರ ಆಟ ಮುಗಿಸಿ ಮಸಾಲೆ ದೋಸೆಗೆ ಕೂತಿದ್ದೆವು. ಟಿವಿ ನೋಡುತ್ತಾ ತುತ್ತು ಬಾಯಿಗಿಡಲು ಹೋದೆ. ಕೆಂಪು ಚಟ್ನಿ ಬಿಳಿ ಟೀ ಶರ್ಟಿನ ಮೇಲೆ ಜಾರಿತು. ಟೇಬಲ್ ಪೂರ್ತಿ ಗಪ್‌ಚಿಪ್. ರಾಯರ ಕಡೆ ನೋಡಿದೆ. ಅವರು ಕಾಫಿ ಊದುತ್ತಿದ್ದರು. ಒಂದು ಗುಟುಕು ಕುಡಿದರು. ಲೋಟ ಕೆಳಗಿಟ್ಟರು. ಕರ್ಚೀಫು ತೆಗೆದು ಮೀಸೆ ಒರೆಸಿಕೊಂಡರು. ಬೇಡ ಸ್ವಾಮಿ, ಅಂತ ಕಣ್ಣಲ್ಲೇ ಕೇಳಿಕೊಂಡೆ.

"ತಲೆ ಎತ್ತಿದ್ರಿ."

ಸಪ್ಲೈಯರ್ ಕೂಡ ನಕ್ಕ.

ಹೋದ ವರ್ಷ ಅವರಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಒಂದು ತಿಂಗಳು ಬರಲಿಲ್ಲ. ಪೀಡೆ ತೊಲಗಿತು ಅಂತ ಖುಷಿಯಾಗಿಯೇ ಹೊಡೆದೆ. ತಲೆ ಎತ್ತಲಿಲ್ಲ, ಸದ್ದೂ ಚೆನ್ನಾಗಿಯೇ ಬಂತು. ಆಮೇಲೆ ನೋಡಿದರೆ ಚೆಂಡು ಎಲ್ಲಿ? ಉಳಿದಿಬ್ಬರೂ ಮೊಬೈಲಿನಲ್ಲಿ ಮುಳುಗಿದ್ದರು. ರಾಯರಿದ್ದರೆ "ಆ ನೇರಳೆ ಮರದ ಎಡಕ್ಕೆ, ಎರಡು ಮಾರು" ಅನ್ನುತ್ತಿದ್ದರು. ಚೆಂಡು ಹುಡುಕಲು ಮೊದಲು ಐದು ನಿಮಿಷ ಇತ್ತು, 2019ರಿಂದ ಮೂರೇ. ರಾಯರದು ಮಾತ್ರ ಈಗಲೂ ಹಳೇ ಲೆಕ್ಕ. ನನ್ನ ಚೆಂಡಿಗಾಗಿ ಲಂಟಾನ ಪೊದೆಗೆ ನುಗ್ಗಿ, ಪ್ಯಾಂಟಿನ ತುಂಬಾ ಮುಳ್ಳು ಅಂಟಿಸಿಕೊಂಡು ಬರ್ತಾರೆ. ಆ ತಿಂಗಳು ಹನ್ನೊಂದು ಚೆಂಡು ಕಳೆದೆ. ಬೆಳಗಿನ ಮೈದಾನವೂ ಯಾಕೋ ಜಾಸ್ತಿ ದೊಡ್ಡದು ಅನ್ನಿಸಿತ್ತು.

ಅದೇನೇ ಇರಲಿ, ಇವತ್ತು ಹಠ ಬಂದುಬಿಟ್ಟಿತ್ತು. ಎರಡನೇ ಚೆಂಡು ಇಟ್ಟೆ. ಗದ್ದ ಎದೆಗೆ ಒತ್ತಿಕೊಂಡೆ. ಟಕ್! ಮೂರು ಎಣಿಸುವವರೆಗೂ ಹುಲ್ಲನ್ನೇ ನೋಡುತ್ತಿದ್ದೆ.

"ಎಲ್ಲಿ ಹೋಯ್ತು ರಾಯರೇ?"

ಉತ್ತರ ಇಲ್ಲ. ತಿರುಗಿದೆ. ರಾಯರು ಪೆಚ್ಚಾಗಿ ನಿಂತಿದ್ದರು.

"ಗೊತ್ತಿಲ್ಲ ಕಣ್ರೀ. ನಾನು ನಿಮ್ಮ ತಲೆ ನೋಡ್ತಿದ್ದೆ."