24 ಹಾಡು, 19 ಲಕ್ಷ ಡಾಲರ್

ಗಣಿತವೆಂದರೆ ಹೆದರುವವರು ಅಮೆರಿಕದ ಸಂಗೀತ ಕಂಪನಿಗಳ ಬಳಿ ಒಮ್ಮೆ ಪಾಠ ಹೇಳಿಸಿಕೊಳ್ಳಬೇಕು. ಆನ್‌ಲೈನ್ ಅಂಗಡಿಯಲ್ಲಿ 99 ಸೆಂಟಿಗೆ ಸಿಗುತ್ತಿದ್ದ ಹಾಡಿನ ಬೆಲೆ 80,000 ಡಾಲರ್ ಎಂದು ಅವು ನ್ಯಾಯಾಲಯದಲ್ಲೇ ಸಾಧಿಸಿ ತೋರಿಸಿವೆ. 2009ರಲ್ಲಿ ಮಿನ್ನೆಸೋಟಾದ ಮಹಿಳೆಯೊಬ್ಬರು ಕಜಾ ಎಂಬ ತಂತ್ರಾಂಶದ ಮೂಲಕ 24 ಹಾಡುಗಳನ್ನು ಹಂಚಿಕೊಂಡದ್ದಕ್ಕೆ 19 ಲಕ್ಷ 20 ಸಾವಿರ ಡಾಲರ್ ಪರಿಹಾರ ಕೊಡಬೇಕೆಂದು ಜ್ಯೂರಿ ತೀರ್ಮಾನಿಸಿತು. ಅದೇ ಮಹಿಳೆ, ಅದೇ 24 ಹಾಡು. 2007ರ ಮೊದಲ ವಿಚಾರಣೆಯಲ್ಲಿ ಮೊತ್ತ 2,22,000 ಡಾಲರ್ ಇತ್ತು. 2009ರ ತೀರ್ಪಾದ ಮೇಲೆ ನ್ಯಾಯಾಧೀಶರು ಅದನ್ನು 54,000ಕ್ಕೆ ಇಳಿಸಿದರು. 2010ರ ಮೂರನೆಯ ವಿಚಾರಣೆಯಲ್ಲಿ ಮತ್ತೆ 15 ಲಕ್ಷಕ್ಕೆ ಏರಿತು. 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಎಲ್ಲವನ್ನೂ ಸುತ್ತಿಸಿ ತಂದು ಪುನಃ 2,22,000ಕ್ಕೇ ನಿಲ್ಲಿಸಿತು. ಷೇರುಪೇಟೆಯಲ್ಲಿಯೂ ಸೂಚ್ಯಂಕ ಇಷ್ಟು ಉತ್ಸಾಹದಿಂದ ಕುಣಿಯುವುದಿಲ್ಲ.

ಕಂಪನಿಗೆ ಆದ ನಷ್ಟವೆಷ್ಟು ಎಂದು ಕೇಳುವುದು ಇಲ್ಲಿ ಅಸಭ್ಯತೆ. ಅಮೆರಿಕದ ಹಕ್ಕುಸ್ವಾಮ್ಯ ಕಾನೂನಿನ ಪ್ರಕಾರ ನಷ್ಟವನ್ನು ಸಾಬೀತುಪಡಿಸುವ ಗೋಜಿಗೇ ಹೋಗಬೇಕಾಗಿಲ್ಲ. ಒಂದು ಕೃತಿಗೆ ಸಾಮಾನ್ಯವಾಗಿ 750 ಡಾಲರಿನಿಂದ 30,000 ಡಾಲರ್, ಬೇಕೆಂದೇ ಮಾಡಿದ್ದರೆ 1,50,000 ಡಾಲರಿನವರೆಗೆ ಕೇಳಬಹುದು. ವ್ಯಾಪಾರಕ್ಕಾಗಿ ಲಕ್ಷಗಟ್ಟಲೆ ನಕಲಿ ಡಿಸ್ಕು ಅಚ್ಚುಹಾಕುವ ಕಾರ್ಖಾನೆಯವನಿಗೂ ಮನೆಯಲ್ಲಿ ಕುಳಿತು ಹಾಡು ಹಂಚಿಕೊಂಡವಳಿಗೂ ಅಲ್ಲಿ ಒಂದೇ ಅಳತೆಗೋಲು. ಸಮಾನತೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಕಾನೂನನ್ನು ನಾನಂತೂ ಬೇರೆ ನೋಡಿಲ್ಲ.

ಈಗ ಇದೇ ಮಗ್ಗಿಯನ್ನು ಕಂಪನಿಗಳ ಕಡೆಗೆ ತಿರುಗಿಸೋಣ.

1990ರ ದಶಕದ ನಡುಭಾಗದಲ್ಲಿ ಅಮೆರಿಕದ ದೊಡ್ಡ ಎಲೆಕ್ಟ್ರಾನಿಕ್ ಮಳಿಗೆಗಳಿಗೆ ಒಂದು ಉಪಾಯ ಹೊಳೆಯಿತು. ಸಿ.ಡಿ.ಯನ್ನು ಅಸಲಿಗಿಂತ ಕಡಿಮೆಗೆ ಕೊಟ್ಟರೂ ಸರಿ, ಅದಕ್ಕಾಗಿ ಒಳಗೆ ಬಂದವರು ಹೋಗುವಾಗ ಟಿ.ವಿ.ಯನ್ನೋ ಸ್ಟೀರಿಯೋವನ್ನೋ ಕೊಂಡುಹೋಗುತ್ತಾರೆ. ಗ್ರಾಹಕರು ಹಿಗ್ಗಿದರು, ಕಂಪನಿಗಳಿಗೆ ನಿದ್ದೆ ಹಾರಿತು. ಸಿ.ಡಿ. ಅಗ್ಗಕ್ಕೂ ಸಿಗಬಹುದು ಎಂಬ ಅಪಾಯಕಾರಿ ವಿಚಾರ ಜನರ ತಲೆಗೆ ಹೊಕ್ಕರೆ ಗತಿಯೇನು? ಆಗ ಹುಟ್ಟಿದ್ದು ‘ಕನಿಷ್ಠ ಜಾಹೀರಾತು ಬೆಲೆ’ ಎಂಬ ನೀತಿ. ಅಂಗಡಿಯವರು ಎಷ್ಟು ಕಡಿಮೆಗೆ ಬೇಕಾದರೂ ಮಾರಲಿ, ಅದಕ್ಕೆ ಅಡ್ಡಿಯಿಲ್ಲ. ಆದರೆ ಕಡಿಮೆಗೆ ಮಾರುತ್ತಿದ್ದೇವೆಂದು ಯಾರಿಗೂ ಹೇಳಕೂಡದು. ತಮ್ಮದೇ ಹಣದಲ್ಲಿ ಕೊಟ್ಟ ಜಾಹೀರಾತಿನಲ್ಲಿಯೂ ಹೇಳಕೂಡದು, ಅಂಗಡಿಯೊಳಗಿನ ಫಲಕದಲ್ಲಿಯೂ ಬರೆಯಕೂಡದು. ಬಾಯಿಬಿಟ್ಟರೆ ಕಂಪನಿಯಿಂದ ಬರುವ ಜಾಹೀರಾತು ಸಹಾಯಧನಕ್ಕೆ ಕತ್ತರಿ. ರಿಯಾಯಿತಿಯನ್ನು ಗುಟ್ಟಿನ ರೋಗದಂತೆ ಮುಚ್ಚಿಡಿಸಿದ ಈ ಐದು ಮಹನೀಯರು ಯೂನಿವರ್ಸಲ್, ಸೋನಿ, ವಾರ್ನರ್, ಬಿ.ಎಂ.ಜಿ. ಮತ್ತು ಇ.ಎಂ.ಐ. ಮಾರುಕಟ್ಟೆಯ ಸುಮಾರು ಶೇಕಡ 85 ಭಾಗ ಇವರ ಕೈಯಲ್ಲೇ ಇತ್ತು.

ಈ ನೀತಿಯಿಂದಾಗಿ ಮೂರೇ ವರ್ಷಗಳಲ್ಲಿ ಗ್ರಾಹಕರ ಜೇಬಿನಿಂದ 48 ಕೋಟಿ ಡಾಲರಿನಷ್ಟು ಹೆಚ್ಚುವರಿ ಹಣ ಹೋಗಿರಬಹುದು ಎಂದು 2000ದ ಮೇ ತಿಂಗಳಲ್ಲಿ ವ್ಯಾಪಾರದ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಅಂದಾಜು ಮಾಡಿತು. ಶಿಕ್ಷೆ? ಏಳು ವರ್ಷ ಹೀಗೆ ಮಾಡುವುದಿಲ್ಲ ಎಂದು ಕಂಪನಿಗಳು ಒಪ್ಪಿಕೊಂಡವು. ದಂಡ ಒಂದು ಸೆಂಟೂ ಇಲ್ಲ. ಹಾಡು ಹಂಚಿದವಳಿಗೆ ಹಾಕಿದ ಮಗ್ಗಿ, ಅಂದರೆ 99 ಸೆಂಟಿಗೆ 80,000 ಡಾಲರ್, ಇಲ್ಲಿಗೂ ಅನ್ವಯಿಸಿದ್ದರೆ ಕಂಪನಿಗಳು ಕಟ್ಟಬೇಕಾಗಿದ್ದ ಮೊತ್ತ ಸುಮಾರು 39 ಲಕ್ಷ ಕೋಟಿ ಡಾಲರ್. ಕ್ಯಾಲ್ಕ್ಯುಲೇಟರ್ ಇದ್ದವರು ತಾಳೆ ನೋಡಿಕೊಳ್ಳಬಹುದು.

ರಾಜ್ಯಗಳ ಅಟಾರ್ನಿ ಜನರಲ್‌ಗಳು ಪ್ರತ್ಯೇಕವಾಗಿ ಹೂಡಿದ್ದ ಮೊಕದ್ದಮೆ 2002ರಲ್ಲಿ ರಾಜಿಯಾಯಿತು. ತಪ್ಪು ಮಾಡಿದ್ದೇವೆಂದು ಯಾರೂ ಒಪ್ಪಿಕೊಳ್ಳಲಿಲ್ಲ. ತಪ್ಪನ್ನೇ ಮಾಡದ ಈ ಸಾಧುಗಳು 6.74 ಕೋಟಿ ಡಾಲರ್ ನಗದನ್ನೂ 7.57 ಕೋಟಿ ಡಾಲರ್ ಬೆಲೆಯ ಸಿ.ಡಿ.ಗಳನ್ನೂ ಕೊಡಲು ಮುಂದಾದರು, ಬಹುಶಃ ಔದಾರ್ಯದಿಂದ. ಅರ್ಜಿ ಹಾಕಿದ ಗ್ರಾಹಕರಿಗೆ 2004ರಲ್ಲಿ ಚೆಕ್ಕುಗಳು ಬಂದವು. ತಲೆಗೆ 13 ಡಾಲರ್ 86 ಸೆಂಟು. 2000ದ ದಶಕದ ಆರಂಭದಲ್ಲಿ ಹೊಸ ಸಿ.ಡಿ.ಯೊಂದರ ಮುದ್ರಿತ ಬೆಲೆ 18 ಡಾಲರ್ 98 ಸೆಂಟಿನವರೆಗೂ ಹೋಗಿತ್ತು. ವರ್ಷಗಟ್ಟಲೆ ಹೆಚ್ಚಿಗೆ ಕೊಟ್ಟದ್ದಕ್ಕೆ ಸಿಕ್ಕ ಪರಿಹಾರದಿಂದ, ಹೆಚ್ಚಿಗೆ ಕೊಟ್ಟು ಕೊಂಡ ವಸ್ತುವಿನ ಇನ್ನೊಂದು ಪ್ರತಿಯೂ ದಕ್ಕುವಂತಿರಲಿಲ್ಲ. ಸಿ.ಡಿ.ಗಳು ಗ್ರಂಥಾಲಯಗಳಿಗೂ ಶಾಲೆಗಳಿಗೂ ಹೋದವು. ಪೆಟ್ಟಿಗೆ ಬಿಚ್ಚಿದ ಗ್ರಂಥಪಾಲಕರಿಗೆ ಕಂಡದ್ದು ಒಂದೇ ಡಿಸ್ಕಿನ ಹತ್ತಾರು ಪ್ರತಿ, ಯಾರೂ ಕೇಳದ ಹಳೆಯ ಸಂಗ್ರಹಗಳು, ಕಟ್ಟುಗಟ್ಟಲೆ ರಾಷ್ಟ್ರಗೀತೆ. ಗೋದಾಮು ಗುಡಿಸಿದ ಪುಣ್ಯವೂ ಪ್ರಾಯಶ್ಚಿತ್ತದ ಪುಣ್ಯವೂ ಒಂದೇ ಖರ್ಚಿನಲ್ಲಿ ಬಂತು.

2003ರ ಸೆಪ್ಟೆಂಬರ್ 3ರಂದು ಯೂನಿವರ್ಸಲ್ ತನ್ನ ಸಿ.ಡಿ.ಗಳ ಮುದ್ರಿತ ಬೆಲೆಯನ್ನು 18.98 ಡಾಲರಿನಿಂದ 12.98ಕ್ಕೆ ಇಳಿಸುವುದಾಗಿ ಘೋಷಿಸಿತು. ನಿನ್ನೆಯವರೆಗೆ ಇಳಿಸಲು ಸಾಧ್ಯವೇ ಇಲ್ಲ ಎನ್ನುತ್ತಿದ್ದ ಬೆಲೆಯಿಂದ ಒಂದೇ ಏಟಿಗೆ ಆರು ಡಾಲರ್ ಉದುರಿತು. ಜನರು ಇದನ್ನು ತಪ್ಪೊಪ್ಪಿಗೆ ಎಂದುಕೊಂಡಾರು ಎಂಬ ಭಯವೋ ಏನೋ, ಐದೇ ದಿನಕ್ಕೆ ಉದ್ಯಮದ ಸಂಘ 261 ಮಂದಿ ಸಾಮಾನ್ಯ ಜನರ ಮೇಲೆ ದಾವೆ ಹೂಡಿತು. ನ್ಯೂಯಾರ್ಕಿನ 12 ವರ್ಷದ ಹುಡುಗಿಯೊಬ್ಬಳೂ ಆ ಪಟ್ಟಿಯಲ್ಲಿದ್ದಳು. 2,000 ಡಾಲರಿಗೆ ರಾಜಿಯಾಯಿತು.

ಆದರೆ ನನಗೆ ಅಚ್ಚುಮೆಚ್ಚಿನದು ಮ್ಯಾಸಚೂಸೆಟ್ಸ್‌ನ ಅಜ್ಜಿಯ ಪ್ರಕರಣ. 66 ವರ್ಷದ ಶಿಲ್ಪಿ. ಕಜಾದ ಮೂಲಕ ಸಾವಿರಾರು ಹಾಡುಗಳನ್ನು, ಅದರಲ್ಲೂ ಒರಟು ರ‍್ಯಾಪ್ ಹಾಡುಗಳನ್ನು ಹಂಚುತ್ತಿದ್ದಾರೆ ಎಂಬುದು ಆರೋಪ. ಅವರ ಮನೆಯಲ್ಲಿ ಇದ್ದದ್ದು ಮ್ಯಾಕಿಂಟಾಷ್ ಕಂಪ್ಯೂಟರ್. ಕಜಾ ಮ್ಯಾಕಿಂಟಾಷ್‌ನಲ್ಲಿ ನಡೆಯುತ್ತಲೇ ಇರಲಿಲ್ಲ. ಇದನ್ನು ಎತ್ತಿ ತೋರಿಸಿದ ಮೇಲೆ ಸಂಘ ದಾವೆಯನ್ನು ಹಿಂದಕ್ಕೆ ಪಡೆಯಿತು, ಆದರೆ ಮುಂದೆ ಮತ್ತೆ ಹೂಡುವ ಹಕ್ಕನ್ನು ಕಾಯ್ದಿರಿಸಿಕೊಂಡೇ ಪಡೆಯಿತು. ಯಾರಿಗೆ ಗೊತ್ತು, ಅಜ್ಜಿ ನಾಳೆ ಬೇರೆ ಕಂಪ್ಯೂಟರ್ ಕೊಂಡು ರ‍್ಯಾಪ್ ಶುರುಮಾಡಿಬಿಟ್ಟರೆ? 2005ರಲ್ಲಿ ವೆಸ್ಟ್ ವರ್ಜೀನಿಯಾದ 83 ವರ್ಷದ ವೃದ್ಧೆಯೊಬ್ಬರ ಮೇಲೂ ದಾವೆ ಬಿತ್ತು. ಅವರು ಅದಕ್ಕೆ ಮುಂಚೆಯೇ ತೀರಿಕೊಂಡಿದ್ದರು. ಬದುಕಿದ್ದಾಗ ಅವರಿಗೆ ಕಂಪ್ಯೂಟರ್ ಎಂದರೆ ಆಗುತ್ತಿರಲಿಲ್ಲವಂತೆ. 2008ರ ಕೊನೆಯಲ್ಲಿ ಸಂಘ ಈ ಅಭಿಯಾನ ನಿಲ್ಲಿಸುವುದಾಗಿ ಹೇಳುವ ಹೊತ್ತಿಗೆ 30,000ಕ್ಕೂ ಹೆಚ್ಚು ಮಂದಿ ಇದರ ಬಿಸಿ ಉಂಡಿದ್ದರು.

ಇನ್ನು ಹಣ ಕೊಟ್ಟು ಕೊಂಡ ಪ್ರಾಮಾಣಿಕರ ಪಾಡು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಕಲು ತಡೆಯಲೆಂದು ಡಿಸ್ಕಿನೊಳಗೆ ಬೀಗ ಇಟ್ಟರು. 2002ರಲ್ಲಿ ಅಂಥದೊಂದು ಬೀಗ, ಡಿಸ್ಕಿನ ಅಂಚಿಗೆ ಮಾರ್ಕರ್ ಪೆನ್ನಿನಿಂದ ಗೀಟೆಳೆದ ಮಾತ್ರಕ್ಕೆ ತೆರೆದುಕೊಂಡಿತು. 2003ರಲ್ಲಿ ಇನ್ನೊಂದು ಬೀಗ, ಡಿಸ್ಕು ಹಾಕುವಾಗ ಶಿಫ್ಟ್ ಕೀ ಒತ್ತಿ ಹಿಡಿದರೆ ಕೆಲಸವನ್ನೇ ಮಾಡುವುದಿಲ್ಲ ಎಂದು ಪ್ರಿನ್ಸ್‌ಟನ್‌ನ ವಿದ್ಯಾರ್ಥಿಯೊಬ್ಬ ತೋರಿಸಿಕೊಟ್ಟ. ಬೀಗ ಮಾಡಿದವರು ಆತನ ಮೇಲೆ ಮೊಕದ್ದಮೆ ಹಾಕುತ್ತೇವೆಂದು ಗುಡುಗಿ, ಮರುದಿನ ಶಾಂತರಾದರು. ಕೀಲಿಮಣೆಯನ್ನೇ ನಿಷೇಧಿಸುವಂತೆ ಅರ್ಜಿ ಹಾಕಬಹುದಿತ್ತು, ಏಕೋ ಹಾಕಲಿಲ್ಲ. 2005ರಲ್ಲಿ ಸೋನಿ ಬಿ.ಎಂ.ಜಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಕೆಲವು ಸಿ.ಡಿ.ಗಳನ್ನು ಕಂಪ್ಯೂಟರಿಗೆ ಹಾಕಿದರೆ ತನ್ನ ಇರುವಿಕೆಯನ್ನೇ ಮರೆಮಾಚುವ ತಂತ್ರಾಂಶವೊಂದು ಒಳಗೆ ಸೇರಿ ಕೂರುತ್ತಿತ್ತು. ಅದರ ಮರೆಯಲ್ಲಿ ವೈರಸ್ಸುಗಳೂ ಅಡಗಿಕೊಳ್ಳಬಹುದಿತ್ತು. ಕದ್ದು ಇಳಿಸಿಕೊಂಡವನ ಕಂಪ್ಯೂಟರಿಗೆ ಈ ಕಾಟವಿಲ್ಲ. ರಸೀದಿ ಇಟ್ಟುಕೊಂಡವನಿಗೆ ಮಾತ್ರ. ಪೈರಸಿಯ ಪರವಾಗಿ ಇದಕ್ಕಿಂತ ಬಲವಾದ ಜಾಹೀರಾತನ್ನು ಯಾವ ಪೈರೇಟನೂ ಕೊಟ್ಟಿಲ್ಲ.

ಹಾಗಾದರೆ ಪುಕ್ಕಟೆ ಡೌನ್‌ಲೋಡ್ ಮಾಡುವುದು ನ್ಯಾಯವೇ? ನನ್ನನ್ನು ಕೇಳಿದರೆ ಅಲ್ಲ. ಆದರೆ ಆ ಮಾತು ಈ ಐವರ ಬಾಯಿಂದ ಬಂದಾಗ ಮಾತ್ರ ಭೂತದ ಬಾಯಲ್ಲಿ ಭಗವದ್ಗೀತೆ ಎನಿಸುತ್ತದೆ. 2007ರ ವಿಚಾರಣೆಯಲ್ಲಿ ಕಂಪನಿಯೊಂದರ ವಕೀಲೆ, ಹಣ ಕೊಟ್ಟು ಕೊಂಡ ಹಾಡಿನ ಒಂದು ಪ್ರತಿಯನ್ನು ತನಗಾಗಿ ಮಾಡಿಕೊಳ್ಳುವುದೂ ಒಂದು ಪ್ರತಿಯ ಕಳ್ಳತನವೇ ಎಂಬರ್ಥದ ಸಾಕ್ಷ್ಯ ನುಡಿದರು. ಇಷ್ಟು ಶುದ್ಧ ನೀತಿಯನ್ನು ಜೀರ್ಣಿಸಿಕೊಳ್ಳಲು ಹೊಟ್ಟೆ ಬೇಕು.

ಇತ್ತ ಡೌನ್‌ಲೋಡ್ ವೀರನೂ ಕಡಿಮೆಯವನಲ್ಲ. ಉಳ್ಳವರಿಂದ ಕಿತ್ತು ಬಡವರಿಗೆ ಹಂಚುತ್ತೇನೆ ಎನ್ನುತ್ತಾನೆ, ಆ ಬಡವ ಯಾರೆಂದು ಹುಡುಕಿದರೆ ಅವನೇ. ಬಹಿಷ್ಕಾರವೆಂದರೆ ಬಿಟ್ಟಿರುವುದು ಎಂದು ತಿಳಿದಿದ್ದ ನಮಗೆ, ಬಹಿಷ್ಕರಿಸುತ್ತಲೇ ಹತ್ತು ಸಾವಿರ ಹಾಡು ಕೂಡಿಡಬಹುದೆಂದು ಕಲಿಸಿದವನು ಅವನು. ಒಂದು ಹಾಡಿಗಾಗಿ ಇಡೀ ಸಿ.ಡಿ. ಕೊಳ್ಳಬೇಕು ಎಂಬುದು ಅವನ ದೂರಾಗಿತ್ತು, ನ್ಯಾಯವಾದ ದೂರೇ, ಏಕೆಂದರೆ ಬಿಡಿ ಹಾಡಿನ ಡಿಸ್ಕುಗಳನ್ನು ಕಂಪನಿಗಳು ಮೆಲ್ಲಗೆ ಅಂಗಡಿಯಿಂದ ಮಾಯ ಮಾಡಿದ್ದವು. 2003ರ ಏಪ್ರಿಲ್‌ನಲ್ಲಿ ಆಪಲ್ ಕಂಪನಿ ಬಿಡಿ ಹಾಡನ್ನು 99 ಸೆಂಟಿಗೆ ಮಾರತೊಡಗಿತು. ಕೂಡಲೇ ದೂರು ಬದಲಾಯಿತು: ಗಾಯಕರಿಗೆ ಅದರಲ್ಲಿ ಸಿಗುವುದು ಪುಡಿಗಾಸು! ಪುಡಿಗಾಸು ಸಿಗುವುದನ್ನು ನೋಡಲಾರದೆ ಅವನು ಏನೂ ಸಿಗದಂತೆ ಮಾಡಿದ. ಐದು ಕಂಪನಿಗಳಿಗೆ ಸಂಬಂಧವೇ ಇಲ್ಲದೆ, ಕೈಯಿಂದ ಹಣ ಹಾಕಿ ಹಾಡಿದವರ ಹಾಡುಗಳೂ ಅವನ ಕ್ರಾಂತಿಯಲ್ಲಿ ಹುತಾತ್ಮವಾದವು.

ಪುಡಿಗಾಸಿನ ಮಾತು ಮಾತ್ರ ಸುಳ್ಳಲ್ಲ. ಗಾಯಕರ ಒಪ್ಪಂದಗಳಲ್ಲಿ ಒಂದು ಅದ್ಭುತ ಕಲಮು ಇರುತ್ತಿತ್ತು, ಒಡೆದುಹೋದದ್ದರ ಬಾಬ್ತು ಕಡಿತ. ನೂರು ಡಿಸ್ಕು ಮಾರಿದರೆ 90ಕ್ಕೆ ಮಾತ್ರ ರಾಯಲ್ಟಿ, ಉಳಿದ ಹತ್ತು ಸಾಗಾಟದಲ್ಲಿ ಒಡೆದವೆಂದು ಲೆಕ್ಕ. ಡಿಸ್ಕುಗಳನ್ನು ಅರಗಿನಿಂದ ಮಾಡುತ್ತಿದ್ದ, ಕೈಜಾರಿದರೆ ಚೂರಾಗುತ್ತಿದ್ದ ಕಾಲದ ಪದ್ಧತಿ ಇದು. ಅರಗು ಹೋಗಿ ವಿನೈಲ್ ಬಂತು, ವಿನೈಲ್ ಹೋಗಿ ಸಿ.ಡಿ. ಬಂತು. ಎಷ್ಟೋ ಒಪ್ಪಂದಗಳಲ್ಲಿ ಹಾಡು ಒಡೆಯುವುದು ಮಾತ್ರ ನಿಲ್ಲಲಿಲ್ಲ. ಇದರ ಮೇಲೆ ಪ್ಯಾಕಿಂಗ್ ಖರ್ಚೆಂದು ಸಿ.ಡಿ.ಗೆ ಶೇಕಡ 25ರಷ್ಟು ಮುರಿದುಕೊಳ್ಳುವುದು ವಾಡಿಕೆ. ಪೆಟ್ಟಿಗೆಯೂ ಇಲ್ಲದ, ಕಾಗದವೂ ಇಲ್ಲದ ಡೌನ್‌ಲೋಡಿಗೂ ಪ್ಯಾಕಿಂಗ್ ಕಡಿತ ಮಾಡಿದ ಉದಾಹರಣೆಗಳಿವೆ. ಗಾಳಿಯಲ್ಲಿ ಬರುವ ಹಾಡನ್ನು ಯಾವುದರಲ್ಲಿ ಸುತ್ತಿ ಕಳುಹಿಸುತ್ತಾರೋ.

ಡೌನ್‌ಲೋಡ್ ಬಂದ ಮೇಲಂತೂ ಕಂಪನಿಗಳಿಗೆ ಎರಡು ನಾಲಿಗೆ ಮೂಡಿತು. ರ‍್ಯಾಪ್ ಗಾಯಕ ಎಮಿನೆಮ್‌ನನ್ನು ಮೊದಲು ಬೆಳಕಿಗೆ ತಂದ ನಿರ್ಮಾಪಕರ ಒಪ್ಪಂದದಲ್ಲಿ, ಡಿಸ್ಕು ಮಾರಿದರೆ ಶೇಕಡ 12ರಿಂದ 20, ಮೂಲ ಧ್ವನಿಮುದ್ರಣವನ್ನು ಪರವಾನಗಿಯ ಮೇಲೆ ಬೇರೆಯವರಿಗೆ ಕೊಟ್ಟರೆ ಶೇಕಡ 50 ಎಂದಿತ್ತು. ಆಪಲ್‌ಗೆ ಹಾಡು ಕೊಟ್ಟದ್ದು ಪರವಾನಗಿಯಲ್ಲವೇ ಎಂದು ಅವರು ಕೇಳಿದರೆ, ಅಲ್ಲ, ಅದು ಶುದ್ಧ ಮಾರಾಟ ಎಂದು ಕಂಪನಿ ವಾದಿಸಿತು. 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಸರಿ, ಮಾರಾಟವೆಂದೇ ಇಟ್ಟುಕೊಳ್ಳೋಣ. ಕೊಂಡವನು ತನ್ನ ಫೈಲನ್ನು ಹಳೆಯ ಡಿಸ್ಕಿನಂತೆ ಇನ್ನೊಬ್ಬನಿಗೆ ಮಾರಬಹುದೇ? ಅದಕ್ಕೆ ವೇದಿಕೆ ಒದಗಿಸಿದ ರಿಡಿಜಿ ಎಂಬ ಸಂಸ್ಥೆಯನ್ನು ಕ್ಯಾಪಿಟಲ್ ರೆಕಾರ್ಡ್ಸ್ ನ್ಯಾಯಾಲಯಕ್ಕೆ ಎಳೆದು 2013ರಲ್ಲಿ ಗೆದ್ದಿತು. ರಾಯಲ್ಟಿ ಕೊಡುವ ಬೆಳಗಿನ ಹೊತ್ತು ಅದು ಮಾರಾಟ, ಗ್ರಾಹಕ ಮರುಮಾರಾಟ ಮಾಡಹೊರಟ ಸಂಜೆ ಹೊತ್ತು ಅದು ಕೊಂಡವನ ಸ್ವತ್ತೇ ಅಲ್ಲ.

ಇವರ ಗಣಿತ ತುತ್ತತುದಿ ಮುಟ್ಟಿದ್ದು, ಕಜಾದಂತೆಯೇ ಹಾಡು ಹಂಚುವ ತಂತ್ರಾಂಶವಾಗಿದ್ದ ಲೈಮ್‌ವೈರ್ ಮೊಕದ್ದಮೆಯಲ್ಲಿ. ಕಂಪನಿಗಳು ಮುಂದಿಟ್ಟ ಸೂತ್ರದಂತೆ ಪರಿಹಾರ ಎಣಿಸುತ್ತ ಹೋದರೆ ಮೊತ್ತ 75 ಲಕ್ಷ ಕೋಟಿ ಡಾಲರಿನವರೆಗೂ ಬೆಳೆಯಬಹುದಿತ್ತು. 1877ರಲ್ಲಿ ಎಡಿಸನ್ ಫೋನೋಗ್ರಾಫ್ ಕಂಡುಹಿಡಿದ ದಿನದಿಂದ ಇಡೀ ಧ್ವನಿಮುದ್ರಣ ಉದ್ಯಮ ಗಳಿಸಿದ್ದಕ್ಕಿಂತ ಇದು ಹೆಚ್ಚು ಎಂಬ ಮಾತನ್ನು ನೆನಪಿಸಿದ ನ್ಯಾಯಾಧೀಶೆ ಕಿಂಬಾ ವುಡ್, 2011ರಲ್ಲಿ ಆ ಸೂತ್ರವನ್ನು ತಳ್ಳಿಹಾಕಿದರು. ಅವರು ದುಡುಕಿದರು ಎನ್ನುವುದು ನನ್ನ ಅಭಿಪ್ರಾಯ. ಕಂಪನಿಗಳ ಪದ್ಧತಿಯಂತೆಯೇ ನಡೆದುಕೊಂಡಿದ್ದರೆ ಸಾಕಿತ್ತು. 75ರಲ್ಲಿ ಪ್ಯಾಕಿಂಗ್ ಬಾಬ್ತು ಶೇಕಡ 25 ಕಳೆಯಿರಿ. ಉಳಿದದ್ದರಲ್ಲಿ ಶೇಕಡ 10 ದಾರಿಯಲ್ಲಿ ಒಡೆದುಹೋಯಿತು ಎನ್ನಿ. ಗ್ರಾಹಕರಿಗೆ ಬರಬೇಕಾದ ಆ 39 ಲಕ್ಷ ಕೋಟಿಯನ್ನೂ ವಜಾ ಮಾಡಿ. ಇನ್ನೂ ಸುಮಾರು 12 ಲಕ್ಷ ಕೋಟಿ ಉಳಿಯುತ್ತದೆ. ಕೊನೆಗೆ ಕಂಪನಿಗಳು ರಾಜಿಯಾಗಿ ತೆಗೆದುಕೊಂಡದ್ದು ಹತ್ತೂವರೆ ಕೋಟಿ ಡಾಲರ್. ಅದರಲ್ಲಿ ಹಾಡಿದವರ ಪಾಲೆಷ್ಟು ಎಂದು ಈಗಲೇ ಕೇಳಬೇಡಿ, ಪ್ಯಾಕಿಂಗ್ ನಡೆಯುತ್ತಿರಬಹುದು.