ಚೂರು ಹಳದಿ, ಪೂರ್ತಿ ಹಳದಿ

ವಜ್ರದ ಅಂಗಡಿಯಲ್ಲಿ ನನಗೆ ಇಷ್ಟವಾಗುವುದು ವಜ್ರಕ್ಕಿಂತ ಅದನ್ನು ನೋಡುವ ರೀತಿ. ಪಳಗಿದವರು ಬಿಳಿ ಕಾಗದವೊಂದನ್ನು ಮಡಚಿ, ಆ ಮಡಿಕೆಯೊಳಗೆ ಹರಳನ್ನು ಬೋರಲು ಹಾಕುತ್ತಾರೆ. ಮುಖ ಕೆಳಗೆ, ಚೂಪು ತುದಿ ಮೇಲೆ. ಎದುರಿನಿಂದ ನೋಡಿದರೆ ಥಳಥಳಕ್ಕೆ ಕಣ್ಣು ಮೋಸ ಹೋಗುತ್ತದೆ. ಪಕ್ಕದಿಂದ ನೋಡಿದಾಗಲೇ ಒಳಗಿನ ಬಣ್ಣ ಸಿಕ್ಕಿಬೀಳುವುದು. 'ಸ್ವಲ್ಪ ಹಳದಿ ಹೊಡೀತಿದೆ' ಅಂದರೆ ಮುಗಿಯಿತು, ಬೆಲೆ ಇಳಿಯಿತು.

ವಜ್ರವೆಂದರೆ ಇಂಗಾಲ. ಅದರೊಳಗೆ ಅಲ್ಲೊಂದು ಇಲ್ಲೊಂದು ನೈಟ್ರೋಜನ್ ಪರಮಾಣು ನುಸುಳಿದರೆ ಹಳದಿ. ಬಣ್ಣವೇ ಇಲ್ಲದ ಕಲ್ಲಿಗೆ 'ಡಿ' ದರ್ಜೆ. ಹಳದಿ ಏರಿದಂತೆ ದರ್ಜೆ ಇಳಿಯುತ್ತಾ 'ಝಡ್'ವರೆಗೆ ಹೋಗುತ್ತದೆ. ತಮಾಷೆ ಇರುವುದು ಝಡ್ ದಾಟಿದ ಮೇಲೆ. ಹಳದಿ ಇನ್ನೂ ಗಾಢವಾದರೆ ಅದೇ ಕಲ್ಲು 'ಫ್ಯಾನ್ಸಿ' ಆಗಿಬಿಡುತ್ತದೆ, ಬೆಲೆ ಮತ್ತೆ ಹತ್ತುತ್ತದೆ! ಮನುಷ್ಯರ ಹುಚ್ಚೂ ಹೀಗೇ ಅಲ್ವಾ? ಚೂರು ಇದ್ದವನನ್ನು ನೋಡಿ ನಗುತ್ತೇವೆ, ಪೂರ್ತಿ ಇದ್ದವನಿಗೆ ಕೈ ಮುಗಿಯುತ್ತೇವೆ.

ನೈಟ್ರೋಜನ್ ಬದಲು ಬೋರಾನ್ ಸೇರಿದರೆ ನೀಲಿ. ಪ್ರಸಿದ್ಧ ಹೋಪ್ ವಜ್ರ ಈ ಜಾತಿಯದು. ಅದರ ತವರು ಕೊಲ್ಲೂರು ಎನ್ನುತ್ತಾರೆ. ಮೂಕಾಂಬಿಕೆಯ ಕೊಲ್ಲೂರಲ್ಲ, ಆಂಧ್ರದಲ್ಲಿ ಕೃಷ್ಣಾ ತೀರದ್ದು. ಟವೆರ್ನಿಯೆ ಎಂಬ ಫ್ರೆಂಚ್ ವ್ಯಾಪಾರಿ 1668ರಲ್ಲಿ 14ನೇ ಲೂಯಿಗೆ ಮಾರಿದ ದೊಡ್ಡ ಕಲ್ಲು ಕತ್ತರಿಸಿ, ಸಾಣೆ ಹಿಡಿದು, ಕಳುವಾಗಿ, ಕೊನೆಗೆ 45.52 ಕ್ಯಾರೆಟ್ ಉಳಿಯಿತು. 1958ರಲ್ಲಿ ಅದನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿಗೆ ಕಳಿಸಿದ್ದು ಹೇಗೆ ಗೊತ್ತಾ? ರಿಜಿಸ್ಟರ್ಡ್ ಅಂಚೆಯಲ್ಲಿ!

ನಮ್ಮ ಕಡೆಯ ಏಳು ಹರಳಿನ ಓಲೆಗಳಲ್ಲಿ ಹೆಸರಾದ 'ಬ್ಲೂ ಜಾಗರ್' ವಜ್ರ ಮಾತ್ರ ಈ ನೀಲಿ ಅಲ್ಲ. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೈನ್ ಗಣಿಯಿಂದ ಬಂದ ಹೆಸರು ಅದು. ಅಲ್ಲಿನ ಕೆಲವು ಹರಳುಗಳು ಬಿಸಿಲಿನ ನೇರಳಾತೀತ ಕಿರಣಕ್ಕೆ ತೆಳುನೀಲಿ ಬೆಳಕು ಬಿಡುತ್ತವೆ. ಒಳಗೆ ಚೂರು ಹಳದಿ ಇದ್ದರೂ ಈ ನೀಲಿ ಅದನ್ನು ಮುಚ್ಚಿಹಾಕುತ್ತದೆ. ಅಜ್ಜಿಯರು ಓಲೆಯನ್ನು ಬಿಸಿಲಿಗೆ ಹಿಡಿದು 'ನೀಲಿ ಹೊಡೀತಿದೆ, ಒಳ್ಳೆ ಕಲ್ಲು' ಎಂದು ಮೆಚ್ಚುತ್ತಿದ್ದರು. ಈಗಿನ ಮಾರುಕಟ್ಟೆಯಲ್ಲಿ, ಮೇಲಿನ ದರ್ಜೆಯ ಕಲ್ಲಿಗೆ ಇದೇ ಹೊಳಪು ಜಾಸ್ತಿಯಾದರೆ ಬೆಲೆ ಇಳಿಸುತ್ತಾರೆ. ನಾನಂತೂ ಅಜ್ಜಿಯರ ಪಕ್ಷ. ಓಲೆ ಹಾಕಿಕೊಂಡು ಓಡಾಡುವುದು ಬಿಸಿಲಲ್ಲಿ, ಲ್ಯಾಬಿನಲ್ಲಲ್ಲವಲ್ಲ!

ಹಸಿರು ಬರುವುದು ಭೂಮಿಯೊಳಗಿನ ವಿಕಿರಣದಿಂದ. ಗುಲಾಬಿ ಮತ್ತು ಕಂದು ಬಣ್ಣಕ್ಕೆ ಸಾಮಾನ್ಯವಾಗಿ ಹೊರಗಿನ ವಸ್ತು ಯಾವುದೂ ಬೇಕಿಲ್ಲ. ಒತ್ತಡಕ್ಕೆ ಪರಮಾಣುಗಳ ಜೋಡಣೆ ತಿರುಚಿಕೊಂಡರೆ ಸಾಕು. 2020ರಲ್ಲಿ ಮುಚ್ಚಿದ ಆಸ್ಟ್ರೇಲಿಯಾದ ಆರ್ಗೈಲ್ ಗಣಿಗೆ ಹೆಸರು ತಂದದ್ದು ಗುಲಾಬಿ, ರಾಶಿ ರಾಶಿ ಸಿಗುತ್ತಿದ್ದದ್ದು ಕಂದು. ಕಂದು ಕಲ್ಲು ಯಾರಿಗೆ ಬೇಕು? ಗಣಿಯವರು ಜಾಣರು. ತಿಳಿಗಂದಿಗೆ 'ಶಾಂಪೇನ್', ಗಾಢವಾದದ್ದಕ್ಕೆ 'ಕೊನ್ಯಾಕ್' ಎಂದು ಮದ್ಯದ ಹೆಸರಿಟ್ಟು ಮಾರಿದರು. ಆ ಗಣಿ ಚಿಕ್ಕಮಗಳೂರಿನಲ್ಲಿ ಇದ್ದಿದ್ದರೆ ಖಂಡಿತ 'ಲೈಟ್ ಕಾಫಿ', 'ಸ್ಟ್ರಾಂಗ್ ಕಾಫಿ' ಎಂದೇ ಕೂಗಿ ಮಾರುತ್ತಿದ್ದರು. ಚಿಕೋರಿ ಎಷ್ಟು ಎಂದು ಕೇಳುವವರೂ ಇರುತ್ತಿದ್ದರು.